ಬದಲಾವಣೆ ಪಟ್ಟಿಯಲ್ಲಿ ಕನ್ನಡದ ಸಾಲೆಲ್ಲಿ?



ಈ ಜಾಗದಲ್ಲಿ ನೀವು ಅಂಗಡಿ ಬೋರ್ಡುಗಳ ಬಗ್ಗೆ ಓದಿದ್ದೀರಿ, ಬ್ಯಾಂಕ್ ಚಲನ್‌ಗಳ ಬಗ್ಗೆ ಓದಿದ್ದೀರಿ. ಇವತ್ತು ಇನ್ನೊಂದು ಬೋರ್ಡಿನ ಬಗ್ಗೆ ಹೇಳುತ್ತೇನೆ. ಅದು ರಸ್ತೆಯಲ್ಲಿಲ್ಲ. ಅದಕ್ಕೆ ಯಾರೂ ಮಸಿ ಬಳಿಯಲಾರರು. ಅದು ನೀವು ದಿನಾ ಕೂರುವ ಕಂಪ್ಯೂಟರಿನ ಪರದೆಯೊಳಗೇ ಇದೆ. ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಮೂಲೆಯಲ್ಲಿ ಒಂದು ಚೀಟಿ ಮೂಡುತ್ತದೆ. ಈ ಆವೃತ್ತಿಯಲ್ಲಿ ಹೊಸದೇನು, ಹಳೆಯ ಯಾವ ದೋಷಗಳನ್ನು ಸರಿಪಡಿಸಿದ್ದೇವೆ ಎಂದು ಅದರಲ್ಲಿ ಬರೆದಿರುತ್ತದೆ. ನೀವು ಓದದೆ ಮುಚ್ಚುತ್ತೀರಿ. ನಾನೂ ಮುಚ್ಚುತ್ತಿದ್ದೆ. ಹಾಗೆ ಮುಚ್ಚಿದ್ದಕ್ಕೆ ನನ್ನ ಪ್ರೆಸ್ಸು ದಂಡ ತೆತ್ತಿತು. ಅದಕ್ಕಿಂತ ಹೆಚ್ಚಾಗಿ, ತಪ್ಪು ಮಾಡದ ಒಬ್ಬ ಹುಡುಗ ಎಲ್ಲರೆದುರು ತಲೆ ತಗ್ಗಿಸಬೇಕಾಯಿತು.

ನಾನು ಓದಿದ್ದು ಪಿ.ಯು.ಸಿ. ಅಷ್ಟೇ. ಸುಲ್ತಾನ್‌ಪೇಟೆಯ ಗಲ್ಲಿಯಲ್ಲಿ ನಮ್ಮ ತಂದೆ ಹಾಕಿದ್ದ ಟ್ರೆಡಲ್ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಆಯ್ದು ಕೈ ಕಪ್ಪು ಮಾಡಿಕೊಂಡು ಬೆಳೆದವನು. ಈಗ ಆಫ್‌ಸೆಟ್ ಮೆಷಿನ್ ಇದೆ, ಹನ್ನೊಂದು ಜನ ಕೆಲಸಕ್ಕಿದ್ದಾರೆ. ಕಂಪ್ಯೂಟರ್ ವಿದ್ಯೆಯ ಬಗ್ಗೆ ನಿಮಗೆ ಪಾಠ ಹೇಳುವ ಯೋಗ್ಯತೆ ನನಗಿಲ್ಲ. ನಿಮ್ಮಲ್ಲಿ ಅರ್ಧ ಜನ ಅದನ್ನೇ ಓದಿ ಅದರಲ್ಲೇ ಸಂಬಳ ಪಡೆಯುವವರು. ಆದರೆ ಪೆಟ್ಟು ತಿಂದವನ ಮಾತು ಕೇಳುವುದರಲ್ಲಿ ನಷ್ಟವಿಲ್ಲ.

ಕಪ್ಪು ಹಲಗೆಯಿಂದ ಪರದೆಗೆ

ತಂದೆಯವರ ಕಾಲದಲ್ಲಿ ಗೋಡೆಗೆ ಒಂದು ಕಪ್ಪು ಹಲಗೆ ತೂಗುಹಾಕಿತ್ತು. ಗಿರಾಕಿಯ ಹೆಸರು, ಏನು ಕೆಲಸ, ಎಷ್ಟು ಪ್ರತಿ, ಯಾವತ್ತು ಕೊಡಬೇಕು ಎಂಬ ನಾಲ್ಕು ಕಾಲಂ, ಒಂದು ಸೀಮೆಸುಣ್ಣ. ಕಂಪೋಸಿಂಗ್ ಮುಗಿದರೆ ಒಂದು ಗೀಟು, ಪ್ರೂಫ್ ಒಪ್ಪಿಗೆಯಾದರೆ ಇನ್ನೊಂದು ಗೀಟು, ಅಚ್ಚಾದರೆ ಮೂರನೆಯದು. ನೀವು ಇಂಗ್ಲಿಷಿನಲ್ಲಿ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರ್ ಎಂದು ಕರೆಯುತ್ತೀರಲ್ಲ, ಅದು ಆ ಕಪ್ಪು ಹಲಗೆಯ ಮೊಮ್ಮಗ. ಯಾರ ಪಾಲಿಗೆ ಯಾವ ಕೆಲಸ, ಯಾವುದರ ನಂತರ ಯಾವುದು, ಗಡುವು ಯಾವತ್ತು, ಎಲ್ಲಿ ನಿಂತಿದೆ ಎಂದು ತೋರಿಸುವುದೇ ಅದರ ಕಸುಬು. ಪ್ಲೇಟ್ ಆಗದೆ ಪ್ರಿಂಟಿಂಗ್ ಇಲ್ಲ, ಪ್ರಿಂಟಿಂಗ್ ಒಣಗದೆ ನಂಬರಿಂಗ್ ಇಲ್ಲ, ನಂಬರಿಂಗ್ ಆಗದೆ ಬೈಂಡಿಂಗ್ ಇಲ್ಲ. ಇದನ್ನು ಅಡ್ಡ ಪಟ್ಟಿಗಳಲ್ಲಿ ಬರೆದು ತೋರಿಸುವ ಚಿತ್ರಕ್ಕೆ ಗ್ಯಾಂಟ್ ಚಾರ್ಟ್ ಎಂದು ಹೆಸರು.

ಕೆಲಸ ಹೆಚ್ಚಾದ ಮೇಲೆ ನಾನೂ ತಿಂಗಳ ಬಾಡಿಗೆಗೆ ಅಂಥದ್ದೊಂದು ಸಾಫ್ಟ್‌ವೇರ್ ತೆಗೆದುಕೊಂಡೆ. ಕಂಪನಿಯ ಹೆಸರು ಇಲ್ಲಿ ಬೇಡ. ಒಬ್ಬರ ಹೆಸರು ಹೇಳಿದರೆ ಉಳಿದವರು ಸಾಚಾ ಎಂದಾಗುತ್ತದೆ. ಗಿರಾಕಿಗಳ ಹೆಸರನ್ನೆಲ್ಲ ಕನ್ನಡದಲ್ಲೇ ಹಾಕಿದೆ. ನಮ್ಮ ಮೆಷಿನ್‌ಮನ್, ಬೈಂಡರ್, ಡೆಲಿವರಿ ಹುಡುಗ ಎಲ್ಲರೂ ಕನ್ನಡ ಓದುವವರು. ಅವರ ಮೊಬೈಲಿನಲ್ಲೇ ಜಾಬ್ ಕಾರ್ಡ್ ಕನ್ನಡದಲ್ಲಿ ಬಂದಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಎಂಟು ತಿಂಗಳು ಚೆನ್ನಾಗಿ ನಡೆಯಿತು.

ಆಮೇಲೆ ಒಂದು ಬೆಳಿಗ್ಗೆ ಹೊಸ ಆವೃತ್ತಿ ಬಂತು.

ಇನ್ನೂರು ಪುಸ್ತಕದ ಕಥೆ

ಮಾಘದ ಮದುವೆ ಸೀಸನ್. ಪ್ರೆಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಆ ವಾರ ಎರಡು ಕೆಲಸ ಒಟ್ಟಿಗೆ ಬಂದಿದ್ದವು. ಒಂದು, ಶ್ರೀ ಲಕ್ಷ್ಮೀ ವೆಂಕಟೇಶ್ವರ ಟ್ರೇಡರ್ಸ್‌ನ 50 ಬಿಲ್ ಪುಸ್ತಕ. ಇನ್ನೊಂದು, ಶ್ರೀ ಲಕ್ಷ್ಮೀ ವೆಂಕಟೇಶ್ವರ ಕಲ್ಯಾಣ ಮಂಟಪದ 200 ರಸೀದಿ ಪುಸ್ತಕ. ನಮ್ಮೂರುಗಳಲ್ಲಿ ಈ ಹೆಸರಿಗೆ ಬರವೇ?

ಹೊಸ ಆವೃತ್ತಿಯಲ್ಲಿ ಅಂದವಾದ ಒಂದು ಫಲಕ ಬಂದಿತ್ತು. ಕೆಲಸಗಳೆಲ್ಲ ಬಣ್ಣಬಣ್ಣದ ಚೀಟಿಗಳಾಗಿ ಸಾಲಾಗಿ ನಿಲ್ಲುತ್ತಿದ್ದವು. ನಮ್ಮ ಮೆಷಿನ್‌ಮನ್ ಆ ಫಲಕದಲ್ಲಿ ಎರಡು ಚೀಟಿ ನೋಡಿದ. ಎರಡರಲ್ಲೂ ಒಂದೇ ಬರಹ: "ಶ್ರೀ ಲಕ್ಷ್ಮೀ ವೆಂಕಟೇಶ್ವ", ಅದರ ಮುಂದೆ ಕಪ್ಪು ಚೌಕದೊಳಗೆ ಒಂದು ಪ್ರಶ್ನಾರ್ಥಕ ಚಿಹ್ನೆ. ಅಷ್ಟಕ್ಕೇ ಕಟ್. ಕೈಗೆ ಸಿಕ್ಕಿದ್ದು ಟ್ರೇಡರ್ಸ್ ಪ್ಲೇಟು, ತೆರೆದದ್ದು ಮಂಟಪದ ಕಾರ್ಡು. 50 ಪುಸ್ತಕದ ಕೆಲಸಕ್ಕೆ 200 ಪುಸ್ತಕ ಅಚ್ಚಾಯಿತು. ನಂಬರಿಂಗ್ ಆಯಿತು, ಬೈಂಡಿಂಗ್ ಆಯಿತು. ಮಂಟಪದ ಮ್ಯಾನೇಜರ್ ಬಂದು ಕಟ್ಟು ಬಿಚ್ಚಿದಾಗಲೇ ಗೊತ್ತಾದದ್ದು. 150 ಪುಸ್ತಕ ರದ್ದಿಗೆ. ಹತ್ತಿರಹತ್ತಿರ ಹದಿನೆಂಟು ಸಾವಿರ ರೂಪಾಯಿ ನೀರಿಗೆ. ಅದರ ಮೇಲೆ ಮಂಟಪದವರ ಬೈಗುಳ ಬೇರೆ.

ನಾನೇನು ಮಾಡಿದೆ? ಎಲ್ಲ ಮಾಲೀಕರೂ ಮಾಡುವುದನ್ನೇ ಮಾಡಿದೆ. ಮೆಷಿನ್‌ಮನ್‌ನನ್ನು ಕರೆದು, ಹತ್ತು ಜನರ ಎದುರು, "ಕಣ್ಣು ಎಲ್ಲಿಟ್ಟಿದ್ಯೋ? ಓದೋಕೆ ಬರಲ್ವಾ?" ಎಂದು ಕೂಗಾಡಿದೆ. ರಾಣೆಬೆನ್ನೂರು ಕಡೆಯ ಹುಡುಗ. ಆರು ವರ್ಷದಿಂದ ನನ್ನಲ್ಲಿದ್ದಾನೆ. ಅವನು ಎದುರು ಮಾತಾಡಲಿಲ್ಲ. ಮೊಬೈಲ್ ತೆಗೆದು ನನ್ನ ಮುಂದೆ ಹಿಡಿದು, "ಅಣ್ಣಾರ, ಎರಡೂ ಒಂದ ಥರಾ ಕಾಣಸಾಕತ್ತಾವ್ರಿ. ನೀವ ಹೇಳ್ರಿ, ಇದರಾಗ ಯಾವುದು ಯಾವುದು?" ಅಂದ.

ನಾನು ನೋಡಿದೆ. ನನಗೂ ಗೊತ್ತಾಗಲಿಲ್ಲ.

ಆ ಹುಡುಗನಿಗೆ ಓದಲು ಬರುತ್ತಿತ್ತು. ಓದಲು ಬಾರದೆ ಇದ್ದದ್ದು ಆ ಸಾಫ್ಟ್‌ವೇರಿಗೆ!

ನಮ್ಮ ಒಂದು ಅಕ್ಷರ, ಅದರ ಹನ್ನೆರಡು ಮನೆ

ಏಕೆ ಹೀಗಾಯಿತು? ಪರಿಚಯದ ಒಬ್ಬ ಇಂಜಿನಿಯರ್ ಹುಡುಗ ಕಾಗದದ ಮೇಲೆ ಬರೆದು ತೋರಿಸಿದ. ಅಚ್ಚುಮೊಳೆ ಜೋಡಿಸಿದವನಿಗೆ ಇದು ತಕ್ಷಣ ಅರ್ಥವಾಗುತ್ತದೆ.

1991ರಲ್ಲಿ ಯೂನಿಕೋಡ್ ಎಂಬ ಜಾಗತಿಕ ಪಟ್ಟಿಯ ಮೊದಲ ಆವೃತ್ತಿ ಬಂದಾಗಲೇ ಅದರಲ್ಲಿ ಕನ್ನಡಕ್ಕೆ 128 ಮನೆಗಳ ಒಂದು ಓಣಿ ಮೀಸಲಾಯಿತು. ಆ ಮನೆಗಳಲ್ಲಿ ಇರುವುದು ನಾವು ಉಚ್ಚರಿಸುವ ಪೂರ್ತಿ ಅಕ್ಷರವಲ್ಲ, ಅದರ ಬಿಡಿ ಭಾಗ. "ಶ್ರೀ" ನಮಗೆ ಒಂದು ಅಕ್ಷರ. ಯಂತ್ರಕ್ಕೆ ಅದು ಶ, ಹಲಂತ, ರ, ಈತ್ವ ಎಂಬ ನಾಲ್ಕು ಸಂಕೇತ. ಯು.ಟಿ.ಎಫ್.-8 ಎಂಬ ಪದ್ಧತಿಯಲ್ಲಿ ಉಳಿಸಿಟ್ಟರೆ ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್ ಸಾಕು, ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. ಅಂದರೆ "ಶ್ರೀ"ಗೆ 12 ಬೈಟ್. "ಲಕ್ಷ್ಮೀ"ಗೆ ಏಳು ಸಂಕೇತ, 21 ಬೈಟ್. "ವೆಂಕಟೇಶ್ವರ"ಕ್ಕೆ ಹತ್ತು ಸಂಕೇತ, 30 ಬೈಟ್. ನಡುವೆ ಎರಡು ಖಾಲಿ ಜಾಗ. ಕೂಡಿಸಿ: 65.

ಆ ಹೊಸ ಫಲಕ ಮಾಡಿದವರು ಹೆಸರಿಗೆ 64 ಬೈಟ್ ಜಾಗ ಇಟ್ಟಿದ್ದರು. ಇಂಗ್ಲಿಷಿನವನಿಗೆ ಅದು 64 ಅಕ್ಷರದ ವಿಶಾಲ ಬಯಲು. ಕಲ್ಯಾಣ ಮಂಟಪದ ಪೂರ್ತಿ ಹೆಸರು ಇಂಗ್ಲಿಷಿನಲ್ಲಿ ಆರಾಮಾಗಿ ಹಿಡಿಸಿ ಇನ್ನೂ ಜಾಗ ಉಳಿಯುತ್ತದೆ. ಕನ್ನಡದವನಿಗೆ ಅದು 21 ಸಂಕೇತದ ಕಿರುಕೋಣೆ. ನಮ್ಮ ವೆಂಕಟೇಶ್ವರನ ಕೊನೆಯ "ರ" ಅಕ್ಷರವನ್ನು ಆ ಕತ್ತರಿ ನಡುವೆಯೇ ಸೀಳಿತ್ತು. ಆ ಪ್ರಶ್ನಾರ್ಥಕ ಚಿಹ್ನೆ ಅದೇ ಮುರಿದ "ರ"!

ಇದು ಕನ್ನಡ ದ್ವೇಷವಲ್ಲ ಮಿತ್ರರೇ. ದ್ವೇಷವಾಗಿದ್ದರೆ ಹೋರಾಡುವುದು ಸುಲಭವಿತ್ತು. ಕನ್ನಡ ಎಂಬುದೊಂದು ಇದೆ ಎಂದು ಆ ಕೋಣೆಯಲ್ಲಿ ಕೂತ ಯಾರಿಗೂ ಆ ದಿನ ನೆನಪಾಗಲಿಲ್ಲ, ಅಷ್ಟೇ. ನಾನು ಓದದೆ ಮುಚ್ಚಿದ ಬದಲಾವಣೆ ಪಟ್ಟಿಯನ್ನು ಆಮೇಲೆ ತೆಗೆದು ನೋಡಿದೆ. ಮೇಲುಗಡೆ ಹೊಸ ಫಲಕದ ವರ್ಣನೆ. ಕೆಳಗೆ ಸಣ್ಣದಾಗಿ ಒಂದು ಸಾಲು: ಉದ್ದದ ಶೀರ್ಷಿಕೆಗಳನ್ನು ಇನ್ನು ಮುಂದೆ ಮೊಟಕುಗೊಳಿಸಿ ತೋರಿಸಲಾಗುವುದು. ಎಚ್ಚರಿಕೆ ಅಲ್ಲೇ ಇತ್ತು. ನಾನು ಓದಿರಲಿಲ್ಲ.

"ಇಂಗ್ಲಿಷಿನಲ್ಲಿ ಹಾಕಿಬಿಡಿ ಸರ್"

ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದೆ. ಮೊದಲು ಸಿಕ್ಕಿದವರು ಇಂಗ್ಲಿಷಿನಲ್ಲಿ, ತುಂಬ ವಿನಯದಿಂದ, ಒಂದು ಪರಿಹಾರ ಹೇಳಿದರು. ಗಿರಾಕಿಗಳ ಹೆಸರನ್ನು ಇಂಗ್ಲಿಷಿನಲ್ಲಿ ಹಾಕಿಬಿಡಿ, ತೊಂದರೆಯೇ ಇರುವುದಿಲ್ಲ!

ಮನೆಯ ಬಾಗಿಲು ಗಿಡ್ಡವಾಗಿದೆ ಸ್ವಾಮಿ ಅಂದರೆ, ನಿಮ್ಮ ಕಾಲು ಕತ್ತರಿಸಿಕೊಳ್ಳಿ ಅಂದ ಹಾಗಾಯಿತು. ನನ್ನ ಮೆಷಿನ್‌ಮನ್ ಓದುವುದು ಕನ್ನಡ. ಅವನಿಗಾಗಿ ತಂದ ಸಾಫ್ಟ್‌ವೇರ್ ಅದು. ಅವನಿಗೇ ಬಾರದ ಭಾಷೆಯಲ್ಲಿ ಹಾಕಿದರೆ ನಾನು ಬಾಡಿಗೆ ಕೊಡುವುದು ಯಾವ ಭಾಗ್ಯಕ್ಕೆ?

ಮೂರನೆಯ ಸಲ ಫೋನ್ ಮಾಡಿದಾಗ ಒಬ್ಬ ಹುಡುಗ ಸಿಕ್ಕಿದ. ಅವನ ಇಂಗ್ಲಿಷಿನ ರಾಗದಲ್ಲೇ ಗೊತ್ತಾಯಿತು, ನಮ್ಮವನು. "ಕನ್ನಡದಲ್ಲಿ ಮಾತಾಡಪ್ಪ" ಅಂದೆ. ಒಂದು ಕ್ಷಣ ಸುಮ್ಮನಿದ್ದು, ಮೆಲ್ಲಗೆ ಹೇಳಿದ: "ಸರ್, ನಿಮಗೊಂದು ನಿಜ ಹೇಳ್ತೀನಿ. ಕನ್ನಡದಲ್ಲಿ ತೊಂದರೆ ಇದೆ ಅಂತ ಇವತ್ತಿನವರೆಗೂ ಯಾರೂ ಬರೆದು ಕೊಟ್ಟಿಲ್ಲ. ಫೋನ್ ಮಾಡಿ ಬೈತಾರೆ, ಆಮೇಲೆ ಇಂಗ್ಲಿಷಿಗೆ ಹೋಗ್ತಾರೆ. ಬೈದಿದ್ದು ಯಾವ ಪಟ್ಟಿಗೂ ಸೇರಲ್ಲ ಸರ್. ನೀವು ಬರೆದು ಕೊಡಿ, ಚಿತ್ರ ಹಾಕಿ ಕೊಡಿ. ನಾನು ಒಳಗೆ ದಾಖಲು ಮಾಡಿಸ್ತೀನಿ."

ಆ ರಾತ್ರಿ ಅದೇ ಇಂಜಿನಿಯರ್ ಹುಡುಗನನ್ನು ಕೂರಿಸಿಕೊಂಡು ಬರೆದೆ. ಯಾವ ಆವೃತ್ತಿ, ಯಾವ ಮೊಬೈಲ್, ಏನು ಟೈಪ್ ಮಾಡಿದೆ, ಏನು ಕಾಣಬೇಕಿತ್ತು, ಏನು ಕಂಡಿತು. 65 ಬೈಟಿನ ಲೆಕ್ಕವನ್ನೂ ಹಾಕಿದೆ. ಎರಡು ಚೀಟಿಯ ಚಿತ್ರ ಅಂಟಿಸಿದೆ. ಹದಿನೈದು ದಿನಕ್ಕೊಮ್ಮೆ ಎರಡು ಸಾಲು ಬರೆದು ನೆನಪಿಸಿದೆ. ಮೂರನೆಯ ತಿಂಗಳು ಬಂದ ಪಟ್ಟಿಯ ಕೊನೆಗೆ ಒಂದು ಸಾಲಿತ್ತು: ಲ್ಯಾಟಿನ್ ಅಲ್ಲದ ಲಿಪಿಗಳಲ್ಲಿ ಶೀರ್ಷಿಕೆ ತುಂಡಾಗುತ್ತಿದ್ದ ದೋಷವನ್ನು ಸರಿಪಡಿಸಲಾಗಿದೆ.

ಕನ್ನಡ ಎಂಬ ಹೆಸರು ಅದರಲ್ಲಿರಲಿಲ್ಲ. ಆದರೂ ಆ ಒಂದು ಸಾಲಿನಿಂದ ಕನ್ನಡದ ಜೊತೆಗೆ ತೆಲುಗು, ತಮಿಳು, ಮಲಯಾಳದ ಅಂಗಡಿಯವರ ಹೆಸರುಗಳೂ ನೆಟ್ಟಗಾದವು. ಮೊಬೈಲ್ ತೋರಿಸಿದಾಗ ನಮ್ಮ ಮೆಷಿನ್‌ಮನ್ ನಕ್ಕ. ನಾನು ಅದೇ ಹತ್ತು ಜನರ ಎದುರು ಅವನ ಕ್ಷಮೆ ಕೇಳಿದೆ. ಎದುರಿಗೇ ಬೈದಿದ್ದವನು ಎದುರಿಗೇ ಕೇಳಬೇಕಲ್ಲ.

ಪಟ್ಟಿ ಯಾರು ಬರೆಯುತ್ತಾರೆ?

ಈಗ ನಾನು ಹೇಳಬೇಕಾದ ಮುಖ್ಯ ಮಾತಿಗೆ ಬರುತ್ತೇನೆ. ಈ ಬದಲಾವಣೆ ಪಟ್ಟಿಗಳು ಆಕಾಶದಿಂದ ಬೀಳುವುದಿಲ್ಲ. ಯಾರು ಬರೆದು ಕೇಳುತ್ತಾರೋ ಅವರ ಸಾಲು ಅದರಲ್ಲಿ ಬರುತ್ತದೆ.

ರೆಡ್‌ಮೈನ್ ಎಂಬ ಸಾಫ್ಟ್‌ವೇರನ್ನೇ ನೋಡಿ. ಜಾನ್-ಫಿಲಿಪ್ ಲಾಂಗ್ ಎಂಬ ಫ್ರಾನ್ಸಿನವರು 2006ರಲ್ಲಿ ಹೊರತಂದದ್ದು. ಕಾಸಿಲ್ಲ, ಮೂಲವನ್ನು ಯಾರು ಬೇಕಾದರೂ ತೆರೆದು ನೋಡಬಹುದು, ತಿದ್ದಿ ಕಳಿಸಬಹುದು. ಕೆಲಸ ಹಂಚುವುದು, ಗಡುವು, ಕ್ಯಾಲೆಂಡರ್, ಗ್ಯಾಂಟ್ ಚಾರ್ಟ್ ಎಲ್ಲ ಇದೆ. ಇದರ ವಿಶೇಷವೆಂದರೆ, ಅದರ ದೋಷಗಳ ಲೆಕ್ಕವನ್ನು ಅದರಲ್ಲೇ ಬಹಿರಂಗವಾಗಿ ಇಟ್ಟಿದ್ದಾರೆ. ಯಾರು ಬೇಕಾದರೂ ಹೆಸರು ನೋಂದಾಯಿಸಿ ದೂರು ಬರೆಯಬಹುದು. ಪ್ರತಿ ದೂರಿಗೂ ಒಂದು ನಂಬರು. ಹೊಸ ಆವೃತ್ತಿ ಬಂದಾಗ ದೋಷ, ಸೌಲಭ್ಯ, ತೇಪೆ ಎಂದು ಮೂರು ಜಾತಿ ಮಾಡಿ ಆ ನಂಬರುಗಳನ್ನು ಪಟ್ಟಿ ಹಾಕುತ್ತಾರೆ. ಅನುವಾದ ಎಂಬ ವಿಭಾಗವೇ ಬೇರೆ ಇರುತ್ತದೆ. ಬಲ್ಗೇರಿಯನ್, ಜಪಾನಿ ಭಾಷೆಗಳ ಹೆಸರು ಅಲ್ಲಿ ಮತ್ತೆ ಮತ್ತೆ ಬರುತ್ತದೆ.

ಅದರಲ್ಲಿ ಹತ್ತಿರಹತ್ತಿರ ಐವತ್ತು ಭಾಷೆಗಳಿವೆ. ಎಸ್ಟೋನಿಯನ್ ಇದೆ. ಎಸ್ಟೋನಿಯಾ ದೇಶದ ಒಟ್ಟು ಜನಸಂಖ್ಯೆ ಹದಿನಾಲ್ಕು ಲಕ್ಷ ಮುಟ್ಟುವುದಿಲ್ಲ. ನಮ್ಮ ಬೆಂಗಳೂರು ನಗರ ಜಿಲ್ಲೆಯೊಂದರಲ್ಲೇ 2011ರ ಜನಗಣತಿಯ ಪ್ರಕಾರ 96 ಲಕ್ಷ ಜನ. ಸ್ಪೇನಿನೊಳಗಿನ ಬಾಸ್ಕ್ ಇದೆ, ಗಲೀಶಿಯನ್ ಇದೆ. ಪಕ್ಕದ ತಮಿಳು ಇದೆ. 2011ರ ಗಣತಿಯಲ್ಲಿ 4 ಕೋಟಿ 37 ಲಕ್ಷ ಜನ ತಾಯ್ನುಡಿಯೆಂದು ಬರೆಸಿದ ಕನ್ನಡ? ನಾನು ನೋಡಿದಾಗ ಇರಲಿಲ್ಲ.

ತಮಿಳರನ್ನು ಬೈಯಲು ಕೈ ಎತ್ತಬೇಡಿ. ಅವರಿಗೆ ಯಾರೂ ಕೊಟ್ಟದ್ದಲ್ಲ. ಅವರಲ್ಲಿ ಯಾರೋ ಕೂತು ಬರೆದರು. ಇನ್ನೊಂದು ಮಾತು ಕೇಳಿ: ಅದೇ ಪಟ್ಟಿಯಲ್ಲಿ ಹಿಂದಿಯೂ ಇರಲಿಲ್ಲ! ಕೇಂದ್ರದ ಹಣ, ಇಲಾಖೆ, ಸಪ್ತಾಹ ಎಲ್ಲ ಇದ್ದರೂ ಇಲ್ಲ. ಇಲ್ಲಿ ಸರ್ಕಾರದ ಕೃಪೆ ನಡೆಯುವುದಿಲ್ಲ, ಸಂಖ್ಯೆಯ ಬಲವೂ ನಡೆಯುವುದಿಲ್ಲ. ಕೂತು ಬರೆದವನ ಭಾಷೆ ಒಳಗೆ, ಬರೆಯದವನ ಭಾಷೆ ಹೊರಗೆ.

ಜಪಾನಿನವರನ್ನು ನೋಡಿ ಕಲಿಯಬೇಕು. ರೆಡ್‌ಮೈನ್ ಬರೆದಿರುವುದು ರೂಬಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ. ಆ ರೂಬಿಯನ್ನು ಮಾಡಿದವರು ಜಪಾನಿನ ಯುಕಿಹಿರೊ ಮತ್ಸುಮೊಟೊ. ಹಾಗಾಗಿ ಜಪಾನಿಗರು ಅದನ್ನು ತಮ್ಮದೇ ಎಂಬಂತೆ ಹಿಡಿದುಕೊಂಡರು. ರೆಡ್‌ಮೈನಿನ ಭಾಷಾ ಕಡತದಲ್ಲಿ ಪದಗಳ ಅನುವಾದ ಮಾತ್ರ ಇರುವುದಲ್ಲ. ವಾರ ಯಾವ ದಿನ ಶುರುವಾಗಬೇಕು, ಲೆಕ್ಕದ ಕಡತ ಯಾವ ಸಂಕೇತ ಪದ್ಧತಿಯಲ್ಲಿ ಹೊರಬರಬೇಕು, ಪಿ.ಡಿ.ಎಫ್. ಮಾಡಿದಾಗ ಯಾವ ಫಾಂಟ್ ಬಳಸಬೇಕು ಎಂಬುದೂ ಅಲ್ಲೇ ಬರೆದಿರುತ್ತದೆ. ಜಪಾನಿನವರು ಅಲ್ಲಿ ತಮ್ಮ ಲಿಪಿಯ ಫಾಂಟಿನ ಹೆಸರನ್ನೇ ಹಾಕಿಸಿಕೊಂಡಿದ್ದಾರೆ. ಭಾಷಾ ಕಡತವೇ ಇಲ್ಲದವನು ಫಾಂಟ್ ಕೇಳುವುದು ಎಲ್ಲಿಂದ?

ಗ್ಯಾಂಟ್ ಚಾರ್ಟಿನ ಹೆಸರಿನ ಹಿಂದೆಯೂ ಭಾಷೆಯದೇ ಕಥೆ ಇದೆ. ಅಮೆರಿಕದ ಹೆನ್ರಿ ಗ್ಯಾಂಟ್ ಅದನ್ನು ಜನಪ್ರಿಯ ಮಾಡಿದ್ದು 1910ರ ದಶಕದಲ್ಲಿ. ಅದಕ್ಕೂ ಮೊದಲು 1896ರಲ್ಲಿ ಪೋಲೆಂಡಿನ ಇಂಜಿನಿಯರ್ ಕರೋಲ್ ಅದಾಮಿಯೆಟ್ಸ್ಕಿ ಇಂಥದ್ದೇ ಒಂದು ಚಿತ್ರ ಮಾಡಿದ್ದ. ಅವನು ಬರೆದದ್ದು ಪೋಲಿಷ್, ರಷ್ಯನ್ ಭಾಷೆಗಳಲ್ಲಿ. ಇಂಗ್ಲಿಷ್ ಲೋಕ ಓದಲಿಲ್ಲ. ಗ್ಯಾಂಟ್ ಕದ್ದ ಎಂದಲ್ಲ, ಆದರೆ ಹೆಸರು ಗ್ಯಾಂಟನದೇ ಉಳಿಯಿತು. ಅದಕ್ಕೆ ಪೋಲೆಂಡಿನವರು ತಮ್ಮ ಭಾಷೆ ಬಿಟ್ಟರೇ? ಇಲ್ಲ. ರೆಡ್‌ಮೈನಿನ ಪಟ್ಟಿಯಲ್ಲಿ ಇವತ್ತು ಪೋಲಿಷ್ ಇದೆ.

ನಮ್ಮ ಬೆನ್ನನ್ನೂ ನೋಡಿಕೊಳ್ಳೋಣ

ಕಂಪನಿಗಳನ್ನಷ್ಟೇ ಬೈದರೆ ಅನ್ಯಾಯವಾದೀತು. ಅರ್ಧ ತಪ್ಪು ನನ್ನಂಥ ಪ್ರೆಸ್ಸಿನವರದು. ಇವತ್ತಿಗೂ ನಮ್ಮಲ್ಲಿ ಬಹಳ ಜನ ಹಳೆಯ ಕಾಲದ ಫಾಂಟುಗಳಲ್ಲೇ ಕನ್ನಡ ಟೈಪ್ ಮಾಡುತ್ತೇವೆ. ಅವು ಇಂಗ್ಲಿಷ್ ಸಂಕೇತಗಳ ಮೇಲೆ ಕನ್ನಡದ ಚಿತ್ರ ಕೂರಿಸಿದವು. ಕಣ್ಣಿಗೆ ಕನ್ನಡ, ಒಳಗೆ ಬೇರೆಯೇ. ಅದನ್ನು ತೆಗೆದು ಸಾಫ್ಟ್‌ವೇರಿನೊಳಗೆ ಅಂಟಿಸಿದರೆ ಡೊಂಕು ಚಿಹ್ನೆಗಳ ಸಂತೆ. ಆಗ ದೋಷ ಸಾಫ್ಟ್‌ವೇರಿನದಲ್ಲ, ನಮ್ಮದು. ದೂರು ಕೊಡುವ ಮೊದಲು ಯೂನಿಕೋಡಿನಲ್ಲಿ ಟೈಪ್ ಮಾಡಿ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸದಲ್ಲೇ ಇವತ್ತು ಯೂನಿಕೋಡ್ ಬರೆಯಬಹುದು. ಕೈಗೆ ಕೂತ ಬೆರಳಾಟ ಬಿಡಬೇಕಿಲ್ಲ.

ಇನ್ನೊಂದು ತಪ್ಪು ಪಂಡಿತರದು. ಅನುವಾದಕ್ಕೆ ಕೂತರೆ "ಕಾರ್ಯಯೋಜನಾ ನಿರ್ವಹಣಾ ತಂತ್ರಾಂಶ ಪರಿಷ್ಕರಣಾ ವಿವರಣೆ" ಎಂದು ಬರೆಯುತ್ತಾರೆ. ನಮ್ಮ ಬೈಂಡರ್ ಅದನ್ನು ಓದುವಷ್ಟರಲ್ಲಿ ಊಟದ ಹೊತ್ತಾಗುತ್ತದೆ. "ಗಡುವು ಮೀರಿದೆ", "ಯಾರ ಪಾಲಿಗೆ", "ಮುಗಿದಿದೆ", "ಬಾಕಿ ಇದೆ" ಎಂದರೆ ಸಾಲದೇ? ಪ್ಲೇಟನ್ನು ಪ್ಲೇಟ್ ಎನ್ನಿ, ಪ್ರೂಫನ್ನು ಪ್ರೂಫ್ ಎನ್ನಿ. ಕೆಲಸ ಮಾಡುವವನ ಬಾಯಲ್ಲಿ ಇರುವುದೇ ಕನ್ನಡ.

ನೀವು ಮಾಡಬೇಕಾದದ್ದು

ಹುಡುಗರೇ, ಹುಡುಗಿಯರೇ, ನಿಮ್ಮಲ್ಲಿ ಎಷ್ಟೋ ಜನ ಇಂಥ ಕಂಪನಿಗಳ ಒಳಗೇ ಕೂತಿದ್ದೀರಿ. ಸಾಫ್ಟ್‌ವೇರ್ ಬರೆಯುವವರು ನೀವು, ಪರೀಕ್ಷೆ ಮಾಡುವವರು ನೀವು, ಫೋನ್ ಎತ್ತುವವರು ನೀವು. ಹೊಸ ಆವೃತ್ತಿ ಹೊರಡುವ ಮೊದಲು ಪರೀಕ್ಷೆಗೆಂದು ಯಾವುದೋ ಜಾನ್, ಸ್ಮಿತ್ ಎಂದು ಹೆಸರು ಹಾಕುತ್ತೀರಲ್ಲ, ಒಂದು ಸಲ ನಿಮ್ಮ ಅಜ್ಜಿಯ ಹೆಸರನ್ನು ಕನ್ನಡದಲ್ಲಿ ಹಾಕಿ ನೋಡಿ. ಐದು ಪರೀಕ್ಷೆ ಸಾಕು.

ಒಂದು, ಉದ್ದದ ಹೆಸರು. ಒತ್ತಕ್ಷರ ಹೆಚ್ಚಿರುವ ಹೆಸರು ಹಾಕಿ. ನಡುವೆ ಕತ್ತರಿ ಬೀಳುತ್ತದೆಯೇ ನೋಡಿ.

ಎರಡು, ಸಾಲಿನ ಎತ್ತರ. ಇಂಗ್ಲಿಷಿಗೆ ಅಳೆದ ಸಾಲಿನಲ್ಲಿ ನಮ್ಮ ಒತ್ತು ಕೆಳಗೆ ಜೋತಾಡುತ್ತದೆ. "ಕ್ಷ್ಮೀ" ಎಂದು ಬರೆದಾಗ ಬುಡ ಕತ್ತರಿಸಿ ಹೋಗುತ್ತದೆಯೇ?

ಮೂರು, ಪಿ.ಡಿ.ಎಫ್. ಪರದೆಯಲ್ಲಿ ಚೆನ್ನಾಗಿ ಕಂಡದ್ದು ಕಾಗದಕ್ಕೆ ಹೋಗುವಾಗ ಬಿಡಿಬಿಡಿಯಾಗುತ್ತದೆ. ಅಕ್ಷರದ ಭಾಗಗಳನ್ನು ಕೂಡಿಸಿ ಒತ್ತು ಮಾಡುವ ಕೆಲಸವನ್ನೇ ಪಿ.ಡಿ.ಎಫ್. ತಯಾರಿಸುವ ಕೆಲವು ಸಾಧನಗಳು ಮಾಡುವುದಿಲ್ಲ. ಮೊಳೆಗಳನ್ನು ಸಾಲಾಗಿ ನಿಲ್ಲಿಸಿ ಸುಮ್ಮನಾಗುತ್ತವೆ. ನಮ್ಮ ಕಾಲದ ಹೊಸ ಕಂಪೋಸಿಟರ್ ಹಾಗೆ ಮಾಡಿದ್ದರೆ ಫೋರ್‌ಮನ್ ಗ್ಯಾಲಿಯನ್ನೇ ಕೆಡವುತ್ತಿದ್ದ.

ನಾಲ್ಕು, ಅಕಾರಾದಿ. ಯೂನಿಕೋಡ್ ಓಣಿಯಲ್ಲಿ "ಳ" ಮನೆ "ವ" ಮನೆಗಿಂತ ಮೊದಲು ಬರುತ್ತದೆ. ನಮ್ಮ ವರ್ಣಮಾಲೆಯಲ್ಲಿ "ಳ" ಕೊನೆಗೆ. ಬರೀ ಮನೆ ನಂಬರು ನೋಡಿ ಸಾಲು ನಿಲ್ಲಿಸುವ ಸಾಫ್ಟ್‌ವೇರ್ "ಬೆಳಕು" ಪದವನ್ನು "ಬೆವರು" ಪದಕ್ಕಿಂತ ಮೊದಲು ಇಡುತ್ತದೆ. ಕನ್ನಡ ನಿಘಂಟಿನಲ್ಲಿ ಬೆವರು ಮೊದಲು, ಬೆಳಕು ಆಮೇಲೆ.

ಐದು, ಹುಡುಕಾಟ. "ಸೂರ್ಯ" ಎಂದು ಅರ್ಕಾವೊತ್ತು ಹಾಕಿ ಬರೆದದ್ದನ್ನು, ರ ಅಕ್ಷರಕ್ಕೆ ಯ ಒತ್ತು ಕೊಟ್ಟು ಬರೆದು ಹುಡುಕಿದರೆ ಸಿಗುತ್ತದೆಯೇ? ಎರಡಕ್ಕೂ ಒಳಗಿನ ಸಂಕೇತದಲ್ಲಿ ಕಣ್ಣಿಗೆ ಕಾಣದ ಒಂದು ಕೊಂಡಿಯ ವ್ಯತ್ಯಾಸವಿದೆ. ಹೆಸರು ಸಿಗದಿದ್ದರೆ ಗಿರಾಕಿಯೇ ಇಲ್ಲ ಎಂದುಕೊಂಡುಬಿಡುತ್ತಾರೆ.

ದೋಷ ಸಿಕ್ಕಿತೇ? ಬೈಯಬೇಡಿ, ಬರೆಯಿರಿ. ಒಂದು ದೂರಿನಲ್ಲಿ ಒಂದೇ ವಿಷಯ. ಆವೃತ್ತಿಯ ನಂಬರು ಹಾಕಿ. ಇನ್ನೊಬ್ಬ ಕೂತು ಅದೇ ರೀತಿ ಮಾಡಿದರೆ ಅದೇ ದೋಷ ಕಾಣುವಂತೆ ಮೆಟ್ಟಿಲು ಮೆಟ್ಟಿಲಾಗಿ ಹೇಳಿ. ಏನಾಗಬೇಕಿತ್ತು, ಏನಾಯಿತು ಎರಡನ್ನೂ ಬರೆಯಿರಿ. ಚಿತ್ರ ಅಂಟಿಸಿ. ಕನ್ನಡದ ಪದವನ್ನು ಚಿತ್ರದಲ್ಲಿ ಮಾತ್ರವಲ್ಲ, ಬರಹದಲ್ಲೂ ಕೊಡಿ, ಅವರು ನಕಲು ಮಾಡಿ ಪರೀಕ್ಷಿಸಲಿ. ಕನ್ನಡ ಎಂಬ ಹೆಸರನ್ನು ಶೀರ್ಷಿಕೆಯಲ್ಲೇ ಹಾಕಿ. ನಾನು ಹಾಕಿರಲಿಲ್ಲ. ಅದಕ್ಕೇ ಅವರ ಪಟ್ಟಿಯಲ್ಲಿ ನಮ್ಮ ಭಾಷೆ "ಲ್ಯಾಟಿನ್ ಅಲ್ಲದ ಲಿಪಿ"ಯಾಗಿ ಹೋಯಿತು.

ಅನುವಾದಕ್ಕೆ ಕೂರುವ ಮನಸ್ಸಿದ್ದರೆ ಅದಕ್ಕೂ ದಾರಿ ತೆರೆದಿದೆ. ರೆಡ್‌ಮೈನಿನ ಭಾಷಾ ಕಡತದಲ್ಲಿರುವುದು ಸಾವಿರಕ್ಕೂ ಮಿಕ್ಕ ಸಣ್ಣ ಸಣ್ಣ ಸಾಲು. ಇಬ್ಬರು ದಿನಕ್ಕೆ ಇಪ್ಪತ್ತಿಪ್ಪತ್ತು ಸಾಲು ಬರೆದರೆ ಒಂದೆರಡು ತಿಂಗಳ ಕೆಲಸ. ಮೆಟ್ರೋದಲ್ಲಿ ಮೊಬೈಲ್ ಉಜ್ಜುವ ಹೊತ್ತು ಸಾಕು. ಆಮೇಲೆ ಬಿಡುವಂತಿಲ್ಲ, ಅದು ನೆನಪಿರಲಿ. ಪ್ರತಿ ಹೊಸ ಆವೃತ್ತಿಯಲ್ಲೂ ಹೊಸ ಸಾಲು ಸೇರುತ್ತದೆ. ಬಲ್ಗೇರಿಯದವರ ಹೆಸರು ಪಟ್ಟಿಯಲ್ಲಿ ಮತ್ತೆ ಮತ್ತೆ ಬರುವುದು ಅವರು ಬಿಡದೆ ಬರೆಯುವುದರಿಂದ. ರಾಜ್ಯೋತ್ಸವಕ್ಕೆ ಒಂದು ದಿನ ಬಾವುಟ ಹಿಡಿದಷ್ಟು ಸುಲಭವಲ್ಲ ಇದು.

ಕೂಗಿನ ಹಿಂದೆ ಕಾಗದ

ಬೀದಿಗಿಳಿಯುವ ಹೋರಾಟ ಬೇಡ ಎನ್ನುತ್ತಿದ್ದೇನೆಯೇ? ಖಂಡಿತ ಇಲ್ಲ. ಆದರೆ ನೆನಪಿಡಿ. 1982ರಲ್ಲಿ ಡಾ. ರಾಜ್‌ಕುಮಾರ್ ಮುಂದೆ ನಿಂತು ಇಡೀ ನಾಡು ಬೀದಿಗಿಳಿದ ಚಳವಳಿಗೆ ಹೆಸರು ಬಂದದ್ದು ಯಾವುದರಿಂದ? ವಿ.ಕೃ. ಗೋಕಾಕರ ಸಮಿತಿ 1981ರಲ್ಲಿ ಬರೆದು ಕೊಟ್ಟ ವರದಿಯಿಂದ. ಏನು ಬೇಕು ಎಂಬುದು ಮೊದಲು ಕಾಗದದ ಮೇಲಿತ್ತು. ಆಮೇಲೆ ಬೀದಿಗೆ ಬಂತು. ಕಾಗದವಿಲ್ಲದ ಕೂಗು ಸಂಜೆಯ ಹೊತ್ತಿಗೆ ಆರಿಹೋಗುತ್ತದೆ.

ಈಗ ಪ್ರತಿ ಬದಲಾವಣೆ ಪಟ್ಟಿಯಲ್ಲೂ ಕೃತಕ ಬುದ್ಧಿಮತ್ತೆಯದೇ ಸುದ್ದಿ. ಯಂತ್ರ ನಿಮ್ಮ ಸಭೆಯ ಸಾರಾಂಶ ಬರೆಯುತ್ತದಂತೆ, ಗಡುವು ತಪ್ಪುವುದನ್ನು ಮೊದಲೇ ಹೇಳುತ್ತದಂತೆ. ಬರಲಿ, ಸಂತೋಷ. ಆದರೆ ನಮ್ಮ ಸುಲ್ತಾನ್‌ಪೇಟೆಯ ಮೆಷಿನ್‌ಮನ್‌ಗೆ ಮೊದಲು ಬೇಕಾದದ್ದು ಅದಲ್ಲ. ಅವನು ಓದುವ ಹೆಸರು ಪೂರ್ತಿ ಕಾಣಬೇಕು. ಅವನ ಕಣ್ಣಿನ ತಪ್ಪಲ್ಲದ ತಪ್ಪಿಗೆ ಅವನು ಬೈಸಿಕೊಳ್ಳಬಾರದು. ಇಷ್ಟೇ ಅವನ ಬೇಡಿಕೆ. ಅವನಿಗೆ ಇಂಗ್ಲಿಷಿನಲ್ಲಿ ದೂರು ಬರೆಯಲು ಬರುವುದಿಲ್ಲ. ನಿಮಗೆ ಬರುತ್ತದೆ. ನೀವು ಓದಿದ ವಿದ್ಯೆಗೆ ಅವನ ಬೆವರಿನ ತೆರಿಗೆಯ ಪಾಲೂ ಸೇರಿದೆ.

ಮುಂದಿನ ಸಲ ಪರದೆಯ ಮೂಲೆಯಲ್ಲಿ ಆ ಚೀಟಿ ಮೂಡಿದಾಗ ಮುಚ್ಚಬೇಡಿ. ಕೊನೆಯವರೆಗೂ ಓದಿ. ಕನ್ನಡದ ಸಾಲು ಇದೆಯೇ ಹುಡುಕಿ. ಇಲ್ಲದಿದ್ದರೆ, ಅದರ ಮುಂದಿನ ಪಟ್ಟಿಯಲ್ಲಿ ಇರುವ ಹಾಗೆ ಆ ರಾತ್ರಿಯೇ ಕೂತು ಬರೆಯಿರಿ. ಬರೆದದ್ದರ ಒಂದು ಪ್ರತಿ ನಮಗೂ ಕಳಿಸಿ. ಈ ಪತ್ರಿಕೆಯನ್ನು ಅಚ್ಚು ಹಾಕುವವನು ನಾನೇ. ನಿಮ್ಮ ದೂರಿಗೆ ಇಲ್ಲಿ ಜಾಗ ಕೊಡುತ್ತೇನೆ. ನಿಮ್ಮ ಹೆಸರು ಎಷ್ಟೇ ಉದ್ದವಿದ್ದರೂ ನಮ್ಮ ಪ್ರೆಸ್ಸಿನಲ್ಲಿ ಅದನ್ನು ಕತ್ತರಿಸುವುದಿಲ್ಲ!

ಸಿರಿಗನ್ನಡಂ ಗೆಲ್ಗೆ.